ಮೂರು ಎಕರೆ ತೋಟ ಒಗ್ಗಲಿಲ್ಲ, 30×40 ಮನೆ ಒಗ್ಗಿತು: ಒಂದು ಮುಧೋಳ ನಾಯಿಯ ಪ್ರಕರಣ

ಸಾಕಿದ ನಾಯಿಯನ್ನು ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಬೆಂಗಳೂರಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಸುತ್ತಲಿನವರೆಲ್ಲ ಒಂದೇ ಮಾತು ಹೇಳುತ್ತಾರೆ. ‘ಯಾವುದಾದ್ರೂ ತೋಟಕ್ಕೆ ಬಿಡಿ, ಆರಾಮಾಗಿ ಓಡಾಡಿಕೊಂಡಿರುತ್ತೆ.’ ನಾಯಿಗಳಿಗೆ ಹೊಸ ಮನೆ ಹುಡುಕುವ ಕೆಲಸದಲ್ಲಿ ಇದಕ್ಕಿಂತ ಹಾನಿ ಮಾಡುವ ಸಲಹೆಯನ್ನು ನಾನು ಕೇಳಿಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಎಷ್ಟು ಜಾಗ ಇದೆ ಎಂದು ಕೇಳಿದಷ್ಟು ಸಲೀಸಾಗಿ ಎಷ್ಟು ಹೊತ್ತು ಇದೆ ಎಂದು ಯಾರೂ ಕೇಳುವುದಿಲ್ಲ. ಈ ಒಂದು ಪ್ರಕರಣದಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ನಾಯಿಯನ್ನು ಕೊಟ್ಟವರು, ತೆಗೆದುಕೊಂಡವರು, ಎರಡೂ ಮನೆಯವರು ಇದನ್ನು ಬರೆಯಲು ಒಪ್ಪಿದ್ದಾರೆ. ಗುರುತು ಸಿಗದಂತೆ ಬಡಾವಣೆ, ಉದ್ಯೋಗ, ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ನಾಯಿಯನ್ನು ಚಿಗರಿ ಎಂದು ಕರೆಯೋಣ.

ಹಿನ್ನೆಲೆ

ಗಂಡ ಬಾಗಲಕೋಟೆ ಕಡೆಯವರು, ಹೆಂಡತಿ ಮೈಸೂರಿನವರು. ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಕನಕಪುರ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟ್, ಆರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ. ಮರಿ ತಂದಾಗ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಊರಿಗೆ ಹೋದಾಗ ನೋಡಿ, ‘ನಮ್ಮ ಊರಿನ ನಾಯಿ ನಮ್ಮ ಮನೆಯಾಗಿರಲಿ’ ಎಂಬ ಅಭಿಮಾನದಿಂದ ತಂದರು. ಆಗ ಅದಕ್ಕೆ ಎರಡು ತಿಂಗಳು.

ಮುಧೋಳ ನಮ್ಮದೇ ತಳಿ. ಮುಧೋಳದ ಸುತ್ತಮುತ್ತ ಬೇಟೆಗೆಂದು ಬೆಳೆಸಿಕೊಂಡು ಬಂದದ್ದು. ಅಲ್ಲಿನ ಸಂಸ್ಥಾನದ ಘೋರ್ಪಡೆ ಅರಸರು ಅದನ್ನು ಉಳಿಸಿ ಹೆಸರು ತಂದುಕೊಟ್ಟರು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಮಾತಿನಲ್ಲಿ ದೇಸಿ ತಳಿಗಳನ್ನು ಸಾಕಿ ಎಂದು ಹೇಳುವಾಗ ಮುಧೋಳದ ಹೆಸರನ್ನೂ ತೆಗೆದುಕೊಂಡರು. ಇಷ್ಟೆಲ್ಲ ನಮಗೆ ಹೆಮ್ಮೆಯ ವಿಷಯವೇ. ಆದರೆ ಮರಿ ತರುವವರಿಗೆ ಬೇಕಾದ ಮಾಹಿತಿ ಬೇರೆ. ಇದು ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ನಾವು ಹೆಸರು ಹಿಡಿದು ಕೂಗುವಷ್ಟರಲ್ಲಿ ಅದು ಅರ್ಧ ದಾರಿಯಲ್ಲಿರುತ್ತದೆ. ಹೊಸಬರನ್ನು ಬೇಗ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಾರು ಯಾರೋ ಬಂದು ತಲೆ ಸವರಿದರೆ ಸಹಿಸುವುದಿಲ್ಲ. ತನ್ನವರು ಎಂದು ಒಮ್ಮೆ ಒಪ್ಪಿಕೊಂಡರೆ ಅವರನ್ನು ಬಿಟ್ಟಿರುವುದೂ ಇಲ್ಲ.

ಮೊದಲ ಆರು ತಿಂಗಳು ಚೆನ್ನಾಗಿಯೇ ಹೋಯಿತು. ಆಮೇಲೆ ಎರಡು ವಿಷಯ ಒಟ್ಟಿಗೆ ಬಂದವು. ಕಚೇರಿಯವರು ವಾರಕ್ಕೆ ಮೂರು ದಿನ ಬರಲೇಬೇಕು ಎಂದರು. ಹೆಂಡತಿ ಗರ್ಭಿಣಿಯಾದರು.

ತೊಂದರೆ

ಎಂಟು ತಿಂಗಳಿಗೆ ಬರುವ ಹೊತ್ತಿಗೆ ಚಿಗರಿ ಹೇಳಿದ ಮಾತು ಕೇಳುವುದನ್ನು ಬಿಟ್ಟಳು. ಈ ವಯಸ್ಸಿನಲ್ಲಿ ಇದು ಸಾಮಾನ್ಯ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು, ಮುಂದೆ ಕುರುಡರಿಗೆ ದಾರಿ ತೋರಿಸಬೇಕಾದ ಮರಿಗಳನ್ನು ಗಮನಿಸಿ ಒಂದು ವಿಷಯ ಕಂಡುಕೊಂಡರು. ಐದು ತಿಂಗಳಲ್ಲಿ ‘ಕೂತ್ಕೋ’ ಎಂದರೆ ಕೂರುತ್ತಿದ್ದ ಮರಿ ಎಂಟು ತಿಂಗಳಲ್ಲಿ ಸಾಕಿದವರ ಮಾತನ್ನು ಕಡಿಮೆ ಕೇಳುತ್ತದೆ. ಬೇರೆಯವರು ಹೇಳಿದರೆ ಆ ಕೊರತೆ ಕಾಣಲಿಲ್ಲ. ಹರೆಯದ ಮಕ್ಕಳಿರುವ ಮನೆಯವರಿಗೆ ಇದು ಹೊಸದೇನಲ್ಲ ಅಲ್ವಾ? ಆದರೆ ನಾಯಿಯ ವಿಷಯದಲ್ಲಿ ನಾವು ಇದನ್ನು ಹಟ ಅಂತಲೋ ಸೊಕ್ಕು ಅಂತಲೋ ಓದಿಕೊಳ್ಳುತ್ತೇವೆ. ನಾಯಿಯನ್ನು ಬೇರೆಯವರಿಗೆ ಕೊಡುವ ಯೋಚನೆ ಹುಟ್ಟುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ.

ಸೋಫಾ ಹರಿಯಿತು. ಬೇಸ್‌ಮೆಂಟಿನಲ್ಲಿ ಬೆಕ್ಕಿನ ಹಿಂದೆ ನುಗ್ಗಿದಾಗ ಲೀಶ್ ಹಿಡಿದಿದ್ದ ಅತ್ತೆ ಬಿದ್ದು ಮಣಿಕಟ್ಟು ಊದಿತು. ಪಾರ್ಸೆಲ್ ಕೊಡಲು ಬಂದ ಹುಡುಗ ಬಾಗಿಲಲ್ಲಿ ಬಗ್ಗಿ ಮಾತಾಡಿಸಲು ಹೋದಾಗ ಅವನ ಅಂಗಿಯ ತೋಳು ಹಿಡಿದು ಹರಿದಳು. ಪುಣ್ಯಕ್ಕೆ ಚರ್ಮಕ್ಕೆ ತಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೂಗು. ಇಬ್ಬರೂ ಕಚೇರಿಗೆ ಹೋದ ದಿನ ಆರನೇ ಮಹಡಿಯಿಂದ ಕೆಳಗಿನ ಗೇಟಿನವರೆಗೆ ಕೇಳುತ್ತಿತ್ತು. ಅಸೋಸಿಯೇಷನ್‌ನಿಂದ ನೋಟಿಸ್ ಬಂತು. ಹದಿನೈದು ದಿನದಲ್ಲಿ ನಾಯಿಯನ್ನು ಖಾಲಿ ಮಾಡಿಸಬೇಕು.

ಅವರು ಮೊದಲು ಮಾಡಿ ನೋಡಿದ್ದು

ಒಬ್ಬ ತರಬೇತುದಾರನನ್ನು ಕರೆಸಿದರು. ಅವನು ಬಿಗಿಯುವ ಚೈನು ಹಾಕಿ, ಎಳೆದಾಗೆಲ್ಲ ಜಗ್ಗಿದ. ಈ ತಳಿಯ ಚರ್ಮ ತೆಳು, ಕುತ್ತಿಗೆ ಉದ್ದ, ಮೈಯಲ್ಲಿ ಕೊಬ್ಬೇ ಇಲ್ಲ. ಎಳೆಯುವುದು ಕಡಿಮೆಯಾಯಿತು ನಿಜ. ಆದರೆ ಸ್ವಲ್ಪ ದಿನದಲ್ಲೇ ಚೈನಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಂಡು ಗುರ್ ಎನ್ನತೊಡಗಿದಳು. ಹಿಂದೆ ಬಾಗಿಲಿಗೆ ಮಾತ್ರ ಇದ್ದ ಹೆದರಿಕೆ ಈಗ ವಾಕಿಂಗಿಗೂ ಅಂಟಿತು.

ಆಮೇಲೆ ತೋಟ. ಗಂಡನ ಸೋದರಮಾವನ ಕಡೆಯವರಿಗೆ ಮಾಗಡಿ ಹತ್ತಿರ ಮೂರು ಎಕರೆ ಇದೆ. ತೆಂಗು, ಮಾವು, ಒಂದಷ್ಟು ನಾಟಿ ಕೋಳಿ, ನಾಲ್ಕೈದು ಕುರಿ. ಅವರು ಖುಷಿಯಿಂದಲೇ ಒಪ್ಪಿದರು. ಹೊಸ ಜಾಗ ಅಂತ ಎರಡು ದಿನ ಕಟ್ಟಿದರು. ಮೂರನೇ ದಿನ ಬೆಳಿಗ್ಗೆ ಬಿಚ್ಚಿದಾಗ ಏಳು ಕೋಳಿ ಹೋದವು. ಓಡುವುದನ್ನು ಹಿಡಿಯಬೇಕು ಎಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿಯನ್ನು ಓಡಾಡುವ ಕೋಳಿಗಳ ನಡುವೆ ಬಿಟ್ಟರೆ ಬೇರೇನಾಗುತ್ತದೆ? ಮಾವನ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಕೋಳಿ ಹೋದ ಮೇಲೆ, ಕುರಿ ಉಳಿಸಿಕೊಳ್ಳಬೇಕಾದ ಮನುಷ್ಯ ಕಟ್ಟದೆ ಏನು ಮಾಡಬೇಕಿತ್ತು? ರಾತ್ರಿ ಬಿಡುವ ಹಾಗೂ ಇರಲಿಲ್ಲ. ಮಾಗಡಿ, ರಾಮನಗರ ಕಡೆ ಚಿರತೆ ಓಡಾಡುವ ಊರುಗಳಲ್ಲಿ ತೋಟದ ನಾಯಿಗಳು ಅದರ ಬಾಯಿಗೆ ಬೀಳುವುದು ಅಪರೂಪವಲ್ಲ. ಹಾಗಾಗಿ ಮೂರು ಎಕರೆ ತೋಟದಲ್ಲಿ ಚಿಗರಿಗೆ ಸಿಕ್ಕಿದ್ದು ಶೆಡ್ಡಿನ ಕಂಬ ಮತ್ತು ಆರು ಅಡಿ ಚೈನು. ಮನೆಯವರು ಅಲ್ಲಿ ಮಲಗುತ್ತಲೂ ಇರಲಿಲ್ಲ.

ಗಂಡ ನೋಡಲು ಹೋದಾಗ ಕೊರಳ ಸುತ್ತ ಕೂದಲು ಉದುರಿತ್ತು. ಕಿವಿಯ ಒಳಗೆಲ್ಲ ರಕ್ತ ಹೀರುವ ಉಣ್ಣೆ ಹುಳ. ಅವತ್ತೇ ಕಾರಿನಲ್ಲಿ ಕೂರಿಸಿಕೊಂಡು ವಾಪಸ್ ಬಂದರು. ನನಗೆ ಫೋನ್ ಬಂದದ್ದು ಆ ರಾತ್ರಿ. ‘ನಮ್ಮ ಊರಿನ ನಾಯಿರೀ, ಇದಕ್ಕ ಹಿಂಗ ಆಗಬಾರದಿತ್ತು’ ಎಂದು ಅತ್ತರು.

ಮೊದಲು ಗಡುವು ತೆಗೆದದ್ದು

ಇಂಥ ಪ್ರಕರಣಗಳು ಕೆಡುವುದು ಬಹುಪಾಲು ಅವಸರದಿಂದ. ಹದಿನೈದು ದಿನದ ಗಡುವು ತಲೆ ಮೇಲೆ ಇದ್ದರೆ ಮೊದಲು ಕೈ ಚಾಚಿದವರಿಗೆ ನಾಯಿ ಹೋಗುತ್ತದೆ. ಹಾಗಾಗಿ ಮೊದಲ ಕೆಲಸ ಆ ನೋಟಿಸ್ಸಿಗೆ ಉತ್ತರ ಕೊಡುವುದಾಯಿತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ಬಹುಮತದಿಂದ ಬೈಲಾದಲ್ಲಿ ಬರೆದುಕೊಂಡರೂ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಬೊಗಳುತ್ತದೆ ಎನ್ನುವ ಕಾರಣಕ್ಕೂ ಅಲ್ಲ. ಹಾಗೆಂದು ಸಾಕಿದವರಿಗೆ ಜವಾಬ್ದಾರಿ ಇಲ್ಲ ಎಂದಲ್ಲ. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು ಎಂದು ಅದೇ ಮಾರ್ಗಸೂಚಿ ಸಾಕಿದವರಿಗೂ ಹೇಳುತ್ತದೆ.

ಗಂಡ ಹೆಂಡತಿ ಇಬ್ಬರೂ ಅಸೋಸಿಯೇಷನ್ ಸಭೆಗೆ ಹೋದರು. ಕಾನೂನಿನ ಕಾಗದ ಜೇಬಿನಲ್ಲೇ ಇತ್ತು. ಅದನ್ನು ತೆಗೆಯುವ ಮೊದಲು ಕೂಗಿನಿಂದ ತೊಂದರೆ ಆಗಿದ್ದಕ್ಕೆ ಕೆಳಗಿನ ಮನೆಯವರ ಕ್ಷಮೆ ಕೇಳಿದರು. ಆ ಮನೆಯಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬರಿದ್ದರು. ಹಗಲು ನಿದ್ದೆ ಮಾಡಬೇಕಾದವರು. ಅವರ ಕಷ್ಟ ನಿಜವಾದ ಕಷ್ಟ. ಹೊಸ ಮನೆ ಹುಡುಕುತ್ತಿದ್ದೇವೆ, ಅಲ್ಲಿಯವರೆಗೆ ಒಬ್ಬಳನ್ನೇ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟರು. ಹೆಂಡತಿ ಮನೆಯಿಂದ ಕೆಲಸಕ್ಕೆ ಅನುಮತಿ ಕೇಳಿಕೊಂಡರು. ಹೆರಿಗೆಗೆ ಇನ್ನೂ ಸಮಯವಿತ್ತು. ಕಾಗದ ತೋರಿಸುವ ಅಗತ್ಯವೇ ಬರಲಿಲ್ಲ. ಯಾರೋ ಗ್ರೂಪಿನಲ್ಲಿ ‘ಸುಮ್ನೆ ಲೇಔಟ್ ಕಡೆ ಬಿಟ್ಟುಬನ್ನಿ’ ಎಂದು ಬರೆದಿದ್ದರು. ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದಿರಲಿ, ಬೀದಿಯಲ್ಲಿ ಆಗಲೇ ತಮ್ಮ ಎಲ್ಲೆ ಗುರುತಿಸಿಕೊಂಡ ನಾಯಿಗಳ ನಡುವೆ ಸೋಫಾ ಮೇಲೆ ಬೆಳೆದ ನಾಯಿ ಎಷ್ಟು ದಿನ ಬದುಕುತ್ತದೆ?

ನಾಯಿಗೆ ಏನು ಬೇಕು ಎಂದು ತಿಳಿದುಕೊಂಡದ್ದು

ಎರಡನೇ ಕೆಲಸ ವೈದ್ಯರ ಹತ್ತಿರ ಹೋದದ್ದು. ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿದೆವು. ಬೆಂಗಳೂರಿನಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ನೋವಿರುವ ನಾಯಿ, ಜ್ವರ ಇರುವ ನಾಯಿ ಹಟಮಾರಿಯಂತೆಯೇ ಕಾಣುತ್ತದೆ. ಪುಣ್ಯಕ್ಕೆ ರಕ್ತದಲ್ಲಿ ಏನೂ ಇರಲಿಲ್ಲ.

ಮೂರನೆಯದು ನನ್ನ ಮಟ್ಟಿಗೆ ಇಡೀ ಪ್ರಕರಣವನ್ನು ತಿರುಗಿಸಿದ ಕೆಲಸ. ಒಂದು ವಾರ ನೋಟ್‌ಬುಕ್ಕಿನಲ್ಲಿ ಚಿಗರಿಯ ದಿನವನ್ನು ಗಂಟೆಗಂಟೆಗೆ ಬರೆದಿಡಿ ಎಂದೆ. ಸ್ವಲ್ಪ ಹೊತ್ತು ಹೊರಗೆ ಹೋಗಬೇಕಾದರೆ ಹಳೆ ಫೋನಿನ ಕ್ಯಾಮೆರಾ ಆನ್ ಮಾಡಿ ಹಾಲಿನಲ್ಲಿ ಇಡಿ ಎಂದೆ.

‘ಇಡೀ ದಿನ ಕುಣೀತಾಳೆ, ಇವಳ ಶಕ್ತಿ ಮುಗಿಯೋದೇ ಇಲ್ಲ’ ಎಂದು ಅವರು ಹೇಳುತ್ತಿದ್ದರು. ಬರೆದದ್ದನ್ನು ನೋಡಿದರೆ ಹಾಗಿರಲಿಲ್ಲ. ಬೆಳಿಗ್ಗೆ ಓಡಿಸಿದ ದಿನ ಹತ್ತರಿಂದ ನಾಲ್ಕರವರೆಗೆ ಮಲಗಿಯೇ ಇದ್ದಳು. ಗಲಾಟೆಯೆಲ್ಲ ಎರಡು ಹೊತ್ತಿನಲ್ಲಿ. ಒಂದು, ಯಾರಾದರೂ ಶೂ ಹಾಕಿಕೊಂಡು ಹೊರಟಾಗ. ಇನ್ನೊಂದು, ಸಂಜೆ ಆರರ ಮೇಲೆ, ಕೆಳಗೆ ಮಕ್ಕಳು ಓಡಾಡುವ ಸದ್ದು ಬಾಲ್ಕನಿಗೆ ಬರುವಾಗ.

ವಿಡಿಯೋದಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಬಾಗಿಲು ಮುಚ್ಚಿದ ಮೇಲೆ ಅವಳು ಸೋಫಾ ಕಡೆ ಹೋಗಲೇ ಇಲ್ಲ. ಬಾಗಿಲ ಮುಂದೆ ನಿಂತಳು. ಬಾಲ ಹೊಟ್ಟೆಯ ಕೆಳಗೆ. ತಟ್ಟೆಯಲ್ಲಿ ಕೋಳಿ ಮಾಂಸ ಹಾಕಿಟ್ಟಿದ್ದರು, ಮೂಸಲೂ ಇಲ್ಲ. ಜೊಲ್ಲು ನೆಲಕ್ಕೆ ತೊಟ್ಟಿಕ್ಕಿ ಟೈಲ್ಸಿನ ಮೇಲೆ ಸಣ್ಣ ಮಡುವಾಯಿತು. ಆಮೇಲೆ ಕೆಳಗಿನ ಚಿಲಕದ ಹತ್ತಿರ ಎರಡೂ ಕಾಲಿನಿಂದ ಕೆರೆಯತೊಡಗಿದಳು. ಅಲ್ಲಿ ಬಣ್ಣ ಹೋಗಿ ಮರ ಕಾಣುತ್ತಿದ್ದದ್ದು ಯಾಕೆ ಎಂದು ಆಗ ಅವರಿಗೆ ಗೊತ್ತಾಯಿತು. ಸೋಫಾ ಹರಿದದ್ದು ಆಮೇಲಿನ ಮಾತು. ಅದು ತುಂಟತನ ಆಗಿರಲಿಲ್ಲ, ದಿಗಿಲು.

ಇಷ್ಟು ತಿಳಿದ ಮೇಲೆ ಬೇಕಾದ ಮನೆಯ ಚಿತ್ರವೇ ಬದಲಾಯಿತು. ದೊಡ್ಡ ಜಾಗ ಪಟ್ಟಿಯಿಂದಲೇ ಬಿಟ್ಟುಹೋಯಿತು. ಬೇಕಾದದ್ದು ಹಗಲು ಮನೆಯಲ್ಲಿರುವ ಮನುಷ್ಯರು, ಬೆಳಗಿನ ಒಂದು ಒಳ್ಳೆಯ ಓಟ, ಎತ್ತರದ ಕಾಂಪೌಂಡು, ಕೋಳಿ ಬೆಕ್ಕು ಇಲ್ಲದ ಮನೆ. ಸಣ್ಣ ಮಕ್ಕಳಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಇವರೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ನಾನೂ ಕೇಳಿದೆ. ಒಬ್ಬಳೇ ಇರುವುದನ್ನು ಕಲಿಸಬಹುದು. ಕ್ಷಣಗಳಿಂದ ಶುರುಮಾಡಿ ನಿಮಿಷಕ್ಕೆ, ಅಲ್ಲಿಂದ ಗಂಟೆಗೆ ಹೋಗಬೇಕು. ನಡುವೆ ಒಮ್ಮೆಯೂ ಅವಳ ಶಕ್ತಿ ಮೀರುವಷ್ಟು ಹೊತ್ತು ಬಿಡಬಾರದು. ಬೇಕಾದರೆ ದಿಗಿಲು ಕಡಿಮೆ ಮಾಡುವ ಔಷಧಿಯನ್ನೂ ವೈದ್ಯರು ಕೊಡುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಇವರ ಮುಂದೆ ಹೆರಿಗೆ, ಬಾಣಂತನ, ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಮೂರು ಗಂಟೆ. ಹೆಂಡತಿ ಕೊನೆಗೆ ಹೇಳಿದರು: ‘ಮಗು ಅಳ್ತಿದ್ರೆ ಇವಳನ್ನ ರೂಮಲ್ಲಿ ಕೂಡಿಹಾಕ್ತೀವಿ. ನನಗೆ ಈಗಲೇ ಗೊತ್ತು. ಹಾಗೆ ಮಾಡೋಕ್ಕೆ ನನಗೆ ಇಷ್ಟ ಇಲ್ಲ.’ ಆ ಮಾತಿನಲ್ಲಿ ಇದ್ದ ಪ್ರಾಮಾಣಿಕತೆಯನ್ನು ನಾನು ತುಂಬಾ ಗೌರವಿಸುತ್ತೇನೆ. ನಾಯಿಯನ್ನು ಬೇರೆ ಮನೆಗೆ ಕೊಡುವವರೆಲ್ಲ ಕಲ್ಲು ಮನಸ್ಸಿನವರಲ್ಲ.

ಜಾಹೀರಾತು

ಕೊಡುವ ಮೊದಲು ಮರಿಯಾಗದಂತೆ ಆಪರೇಷನ್ ಮಾಡಿಸಿಯೇ ಕೊಡುವುದು ಎಂದು ತೀರ್ಮಾನಿಸಿದೆವು. ಜಾತಿ ನಾಯಿ, ಹೆಣ್ಣು, ದುಡ್ಡಿಲ್ಲದೆ ಸಿಗುತ್ತದೆ ಎಂದರೆ ಮೊದಲು ಬರುವವರು ಮರಿ ಹಾಕಿಸಿ ಮಾರುವವರು. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಇಂಥ ನಾಯಿಗಳನ್ನು ನೋಡಿ ಅಭ್ಯಾಸವಿದ್ದ ವೈದ್ಯರ ಹತ್ತಿರವೇ ಮಾಡಿಸಿದರು. ಗುರುತಿಗೆಂದು ಚರ್ಮದಡಿ ಸೇರಿಸುವ ಹದಿನೈದು ಅಂಕಿಯ ಮೈಕ್ರೋಚಿಪ್ಪನ್ನೂ ಅವತ್ತೇ ಹಾಕಿಸಿದರು.

ಹಾಕಿದ ಬರಹ ಇದು:

‘ಮುಧೋಳ ಹೆಣ್ಣು ನಾಯಿ, ವಯಸ್ಸು 1 ವರ್ಷ. ಲಸಿಕೆ, ಆಪರೇಷನ್ ಆಗಿದೆ. ಒಬ್ಬಳೇ ಇರಲು ಹೆದರುತ್ತಾಳೆ. ಬಿಟ್ಟುಹೋದರೆ ಕೂಗುತ್ತಾಳೆ, ಬಾಗಿಲು ಕೆರೆಯುತ್ತಾಳೆ. ಏಳು ಕೋಳಿ ಕೊಂದಿದ್ದಾಳೆ, ಬೆಕ್ಕಿರುವ ಮನೆಗೂ ಆಗುವುದಿಲ್ಲ. ಒಮ್ಮೆ ಹೊಸಬರ ಅಂಗಿ ಹಿಡಿದು ಹರಿದಿದ್ದಾಳೆ. ಪರಿಚಯವಿಲ್ಲದವರು ತಲೆ ಮುಟ್ಟಿದರೆ ಇಷ್ಟಪಡುವುದಿಲ್ಲ. ಹಗಲು ಒಬ್ಬರಾದರೂ ಮನೆಯಲ್ಲಿರಬೇಕು. ಮನೆಯೊಳಗೇ ಮಲಗಿಸಬೇಕು. ಕಟ್ಟಿಹಾಕುವವರಿಗೆ, ಬರೀ ಕಾವಲಿಗೆ ಬೇಕೆನ್ನುವವರಿಗೆ ಕೊಡುವುದಿಲ್ಲ. ಬೆಳಿಗ್ಗೆ ಓಡಿಸಿದರೆ ಮಧ್ಯಾಹ್ನವೆಲ್ಲ ನಿದ್ದೆ. ತನ್ನವರ ಕಾಲ ಮೇಲೆ ತಲೆ ಇಟ್ಟು ಮಲಗುತ್ತಾಳೆ.’

ಗಂಡನಿಗೆ ಕೋಳಿಯ ವಿಷಯ, ಅಂಗಿಯ ವಿಷಯ ಹಾಕುವುದು ಬೇಡವಾಗಿತ್ತು. ‘ಇದನ್ನೆಲ್ಲ ಬರೆದರ ಯಾರು ತಗೋತಾರರೀ?’ ನಾನು ಪಟ್ಟು ಬಿಡಲಿಲ್ಲ. ಮುಚ್ಚಿಟ್ಟದ್ದು ಹೊಸ ಮನೆಯಲ್ಲಿ ಮೊದಲ ವಾರವೇ ಹೊರಗೆ ಬರುತ್ತದೆ. ಆಗ ನಾಯಿ ವಾಪಸ್ ಬಂದರೆ ಪುಣ್ಯ, ಬಾರದೆ ಇನ್ನೆಲ್ಲಿಗೋ ಕೈ ಬದಲಾದರೆ ನಮಗೆ ಗೊತ್ತೂ ಆಗುವುದಿಲ್ಲ. ಹಲ್ಲು ಹಾಕಿದ ವಿಷಯವಂತೂ ಹೇಳಲೇಬೇಕು. ಚರ್ಮಕ್ಕೆ ತಾಗಿದ್ದರೆ ಹದಿನೈದು ನಿಮಿಷ ಸೋಪಿನ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಹೊಸ ಮನೆಗೆ ಬರುವ ಹಾಲಿನವರು, ಗ್ಯಾಸಿನವರು ಎಲ್ಲರ ಸುರಕ್ಷತೆಯ ಪ್ರಶ್ನೆ ಅದು.

ಫೋನುಗಳು ಬಂದವು. ಸರ್ಜಾಪುರ ಕಡೆಯ ವಿಲ್ಲಾದವರಿಗೆ ಗೇಟಿಗೆ ನಾಯಿ ಬೇಕಿತ್ತು. ಪಿಜಿಯ ಹುಡುಗರಿಗೆ ಉತ್ಸಾಹ ಇತ್ತು, ಸ್ವಂತ ಮನೆ ಇರಲಿಲ್ಲ. ಒಬ್ಬರು ಆಪರೇಷನ್ ಆಗಿದೆ ಎಂದ ತಕ್ಷಣ ಫೋನ್ ಇಟ್ಟರು. ಬಣ್ಣ ಯಾವುದು, ಕಾಗದಪತ್ರ ಇದೆಯಾ ಎಂದು ಕೇಳಿದವರೇ ಜಾಸ್ತಿ.

ಒಬ್ಬರು ಮಾತ್ರ ಬೇರೆ ಕೇಳಿದರು. ‘ರಾತ್ರಿ ಈಗ ಎಲ್ಲಿ ಮಲಗ್ತಾಳಮ್ಮಾ?’ ಮಂಚದ ಪಕ್ಕ, ಕಂಬಳಿ ಮೇಲೆ ಎಂದೆ. ‘ಹಾಗಾದ್ರೆ ಆ ಕಂಬಳಿ ತೊಳೀಬೇಡಿ, ಹಾಗೇ ಕೊಡಿ’ ಎಂದರು.

ಇವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಿಜಯನಗರದ ಆಚೆ 30×40 ಸೈಟಿನ ಹಳೆಯ ಮನೆ, ಗಂಡ ಹೆಂಡತಿ ಇಬ್ಬರೇ. ಹಿಂದೆ ಇಂಥದ್ದೇ ಬೇಟೆ ತಳಿಯ ನಾಯಿ ಇತ್ತು, ಹನ್ನೆರಡು ವರ್ಷ ಬದುಕಿ ಹೋಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನಡೆಯುವ ಅಭ್ಯಾಸ ಇತ್ತು, ಜೊತೆಗೆ ನಡೆಯುವ ನಾಯಿ ಇರಲಿಲ್ಲ.

ಅವರು ಒಪ್ಪಿದರು ಎಂದು ನಾವು ಮುಂದುವರಿಯಲಿಲ್ಲ. ಅವರ ಹೆಂಡತಿ, ನಾವು ಅಮ್ಮ ಎನ್ನುವವರು, ಒಪ್ಪಿರಲಿಲ್ಲ. ಮನೆಗೆ ಹೋಗಿ ಅವರ ಹತ್ತಿರ ಅಡುಗೆಮನೆಯಲ್ಲೇ ಕೂತು ಮಾತಾಡಿದೆ. ನಾಯಿ ಇಷ್ಟವಿಲ್ಲದ ಕಾರಣಕ್ಕಲ್ಲ, ‘ಹಿಂದಿಂದು ಹೋದಾಗ ನಾನು ತಿಂಗಳುಗಟ್ಟಲೆ ಊಟ ಸೇರದೆ ಇದ್ದೆ. ಮತ್ತೆ ಹಚ್ಚಿಕೊಳ್ಳೋಕ್ಕೆ ಭಯ’ ಎಂದರು. ಇಂಥ ಮನೆಯಲ್ಲಿ ದಿನವಿಡೀ ನಾಯಿಯ ಜೊತೆ ಇರುವವರು ಅವರೇ. ಅವರ ‘ಹೂಂ’ ಇಲ್ಲದೆ ಕೊಡಬಾರದು. ಯೋಚಿಸಲು ಸಮಯ ಬಿಟ್ಟೆವು. ಬೇರೆ ಫೋನುಗಳು ಬರುತ್ತಿದ್ದರೂ ಕಾದೆವು. ಗಡುವು ಇಲ್ಲದ್ದರಿಂದಲೇ ಕಾಯಲು ಸಾಧ್ಯವಾಯಿತು. ಕೊನೆಗೆ ಅವರೇ ಫೋನ್ ಮಾಡಿ ಕರೆದುಕೊಂಡು ಬನ್ನಿ ಎಂದರು.

ಮನೆಯಲ್ಲಿ ಎರಡು ಕೊರತೆ ಇತ್ತು. ಗೇಟಿನ ಕೆಳಗೆ ಒಂದಡಿ ಸಂದು. ತಾರಸಿಯ ಪ್ಯಾರಾಪೆಟ್ ಮೂರೇ ಅಡಿ. ಈ ನಾಯಿಗೆ ಅದು ಒಂದು ನೆಗೆತವೂ ಅಲ್ಲ. ಯಜಮಾನರು ವೆಲ್ಡರನ್ನು ಕರೆಸಿ ಗೇಟಿಗೆ ತಗಡು, ತಾರಸಿಗೆ ಜಾಲರಿ ಹಾಕಿಸಿದರು. ಹಾಕಿಸಿದ ಮೇಲೆಯೇ ನಾಯಿ ಹೋದದ್ದು.

ಕೈ ಬದಲಾದದ್ದು

ಒಂದೇ ದಿನ ತಂದುಬಿಡಲಿಲ್ಲ. ಮೊದಲು ಎರಡೂ ಮನೆಗೆ ಸೇರದ ಒಂದು ಖಾಲಿ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಒಟ್ಟಿಗೆ ನಡೆದರು. ಯಜಮಾನರು ಅವಳನ್ನು ಮುಟ್ಟಲಿಲ್ಲ, ಕಣ್ಣಿಟ್ಟು ನೋಡಲಿಲ್ಲ. ಜೇಬಿನಲ್ಲಿ ಬೇಯಿಸಿದ ಈರಲು (ಲಿವರ್) ಇಟ್ಟುಕೊಂಡು ಸುಮ್ನೆ ಪಕ್ಕದಲ್ಲಿ ನಡೆದರು. ಕೆಲವು ದಿನ ಕಳೆದ ಮೇಲೆ ಚಿಗರಿಯೇ ಅವರ ಕೈ ಮೂಸಿದಳು. ಆಮೇಲೆ ಲೀಶ್ ಅವರ ಕೈಗೆ ಹೋಯಿತು.

ಕಾಗದದ ಮೇಲೆ ಸರಳ ಒಪ್ಪಂದ ಬರೆದುಕೊಂಡರು. ಮೊದಲ ತಿಂಗಳು ಪರೀಕ್ಷೆಯ ಅವಧಿ. ಆಗದಿದ್ದರೆ ಮೊದಲಿನ ಮನೆಗೇ ವಾಪಸ್, ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಲಸಿಕೆಯ ಪುಸ್ತಕ, ರಕ್ತಪರೀಕ್ಷೆ, ಆ ಒಂದು ವಾರದ ನೋಟ್‌ಬುಕ್ ಎಲ್ಲ ಜೊತೆಗೆ ಹೋಯಿತು. ಚಿಪ್ಪಿನ ನೋಂದಣಿ ಹೊಸಬರ ಹೆಸರಿಗೆ ಬದಲಾಯಿತು. ಹಳೆಯ ಮನೆಯವರಿಗೆ ವಾರಕ್ಕೊಮ್ಮೆ ಬಂದು ನೋಡುವ ಆಸೆ. ಮೊದಲ ಒಂದೆರಡು ತಿಂಗಳು ಬೇಡ ಎಂದೆ. ಬಂದು ಬಂದು ಬಿಟ್ಟುಹೋದರೆ ನಾಯಿಯ ಪಾಲಿಗೆ ಅದೇ ಬಾಗಿಲು ಪದೇ ಪದೇ ಮುಚ್ಚಿದ ಹಾಗೆ. ಫೋಟೋ ಸಾಕು ಎಂದು ಒಪ್ಪಿಕೊಂಡರು. ಅವರಿಗೆ ಅದು ತುಂಬಾ ಕಷ್ಟವಾಯಿತು.

ಹೊಸ ಮನೆಯಲ್ಲಿ ಎರಡು ದಿನ ಊಟ ಮುಟ್ಟಲಿಲ್ಲ. ಕಂಬಳಿ ಬಿಟ್ಟು ಏಳಲಿಲ್ಲ. ಅಮ್ಮ ಬಲವಂತ ಮಾಡದೆ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರಂತೆ. ಮೂರನೇ ದಿನ ಅನ್ನ, ಕೋಳಿ ತಿಂದಳು.

ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ, ಮೂರನೇ ವಾರ, ತಪ್ಪಿಸಿಕೊಂಡಳು. ತಳ್ಳುಗಾಡಿಯ ಮೈಕು ಕಿವಿಯ ಹತ್ತಿರವೇ ಅರಚಿದ್ದೇ ತಡ, ಹಿಂದಕ್ಕೆ ಜಗ್ಗಿ ತಲೆ ಎಳೆದುಕೊಂಡಳು. ಈ ತಳಿಯ ತಲೆ ಕುತ್ತಿಗೆಗಿಂತ ಸಣ್ಣ. ಸಾಮಾನ್ಯ ಕಾಲರ್ ಸಲೀಸಾಗಿ ಜಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕ್ರಾಸ್ ದಾಟಿದ್ದಳು. ಯಜಮಾನರು ಅಟ್ಟಿಸಿಕೊಂಡು ಹೋಗಲಿಲ್ಲ. ಅಟ್ಟಿದರೆ ಇಂಥ ನಾಯಿ ಇನ್ನೂ ದೂರ ಓಡುತ್ತದೆ, ಮನುಷ್ಯ ಹಿಡಿಯುವ ವೇಗವೂ ಅಲ್ಲ. ಅಲ್ಲೇ ಫುಟ್‌ಪಾತಿನ ಮೇಲೆ ಕೂತು, ಬೆನ್ನು ತಿರುಗಿಸಿ, ಈರಲಿನ ಪೊಟ್ಟಣ ಬಿಚ್ಚಿದರು. ಹೂವಿನ ಅಂಗಡಿಯವರಿಗೆ, ಆಟೋದವರಿಗೆ ‘ಯಾರೂ ಕೂಗಬೇಡಿ, ಓಡಿಸಬೇಡಿ’ ಎಂದು ಹೇಳಿದರು. ಆ ಬೀದಿಯವರು ಅಷ್ಟೂ ಜನ ಆ ಮಾತು ಕೇಳಿದರು ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಸುಮಾರು ಹೊತ್ತಾದ ಮೇಲೆ ಅವಳು ತಾನಾಗಿ ಬಂದು ಅವರ ಬೆನ್ನಿಗೆ ಮೂಗು ತಾಗಿಸಿದಳು.

ಅವತ್ತಿನಿಂದ ಎಳೆದರೆ ಅಷ್ಟು ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಬಂತು. ಎದೆಗೆ ಹಾರ್ನೆಸ್, ಎರಡಕ್ಕೂ ಸೇರಿಸಿ ಲೀಶ್. ಇದನ್ನು ಮೊದಲ ದಿನದಿಂದಲೇ ಹಾಕಬೇಕು. ಬೇಟೆ ತಳಿಯ ನಾಯಿಯನ್ನು ಯಾರೇ ಹೊಸ ಮನೆಗೆ ಕೊಡಲಿ, ಕೊಡುವವರೇ ಕೊಂಡು ಜೊತೆಗೆ ಕಳಿಸಲಿ.

ಈಗ ಹೇಗಿದೆ

ಹೋಗಿ ಅರ್ಧ ವರ್ಷ ದಾಟಿದೆ. ಮನೆಯಲ್ಲಿ ಯಾರಾದರೂ ಒಬ್ಬರು ಇದ್ದೇ ಇರುವುದರಿಂದ ಒಬ್ಬಳೇ ಇರುವ ಅಭ್ಯಾಸವನ್ನು ಆತುರವಿಲ್ಲದೆ ಮಾಡಿಸಲು ಆಯಿತು. ಈಗ ಇಬ್ಬರೂ ದೇವಸ್ಥಾನಕ್ಕೋ ಬ್ಯಾಂಕಿಗೋ ಹೋಗಿ ಎರಡು ಗಂಟೆಯೊಳಗೆ ಬಂದರೆ ಕೂಗುವುದಿಲ್ಲ. ಅದಕ್ಕಿಂತ ಜಾಸ್ತಿ ಇನ್ನೂ ಆಗುವುದಿಲ್ಲ. ಬೆಕ್ಕು ಕಂಡರೆ ಈಗಲೂ ಹುಚ್ಚಾಗುತ್ತಾಳೆ. ಬಹುಶಃ ಕೊನೆಯವರೆಗೂ ಹಾಗೇ ಇರುತ್ತಾಳೆ. ನೆಂಟರು ಬಂದರೆ ಒಳಗಿನ ಕೋಣೆಗೆ ಹೋಗಿ ಮಲಗುತ್ತಾಳೆ, ಯಾರೂ ಕರೆಯುವುದಿಲ್ಲ. ದೀಪಾವಳಿಗೆ ಕಿಟಕಿಗಳಿಗೆ ಹೊದಿಕೆ ಕಟ್ಟಿ, ಟಿವಿ ಜೋರು ಮಾಡಿ ಮೂರು ರಾತ್ರಿ ಅಮ್ಮ ಅವಳ ಜೊತೆ ನೆಲದ ಮೇಲೇ ಮಲಗಿದರು.

ಮೂರು ಎಕರೆಯಲ್ಲಿ ಇಲ್ಲದ್ದು ಈ 1,200 ಚದರ ಅಡಿಯಲ್ಲಿ ಏನಿತ್ತು ಎಂದರೆ ಹೊತ್ತು ಇತ್ತು, ಜೊತೆಗೆ ಇಂಥ ನಾಯಿಯ ಜೊತೆ ಬದುಕಿದ ಅನುಭವ. ಹಾಗೆಂದು ಎಲ್ಲ ತೋಟವೂ ಕೆಟ್ಟದ್ದಲ್ಲ. ಮನೆಯವರು ಅಲ್ಲೇ ವಾಸವಿದ್ದು, ನಾಯಿ ಒಳಗೆ ಮಲಗುವುದಾದರೆ, ಆ ತಳಿಗೆ ಅಲ್ಲಿನ ಕೋಳಿ ಕುರಿ ಒಗ್ಗುವುದಾದರೆ ತೋಟವೂ ಮನೆಯೇ. ನಾನು ಈಗ ತೋಟದವರಿಗೂ ಅಪಾರ್ಟ್‌ಮೆಂಟಿನವರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಯಾವ ಹೊತ್ತಿನಲ್ಲಿ ಯಾರು ಇವಳ ಜೊತೆ ಇರುತ್ತೀರಿ, ಬರೆದುಕೊಡಿ. ಆ ಕಾಗದ ತುಂಬಿಸಲು ಆಗದವರಿಗೆ ಕೊಡುವುದಿಲ್ಲ.

ಹಳೆಯ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ. ತಿಂಗಳಿಗೊಮ್ಮೆ ಫೋಟೋ ಹೋಗುತ್ತದೆ. ಮುಂದಿನ ತಿಂಗಳು ಹೊಸ ಮನೆಯವರ ನೆಂಟರಲ್ಲಿ ಮದುವೆ, ಇಬ್ಬರೂ ಎರಡು ದಿನ ಊರಿಗೆ ಹೋಗಲೇಬೇಕು. ಚಿಗರಿಯನ್ನು ನಮ್ಮ ಫ್ಲ್ಯಾಟಿಗೆ ಕಳಿಸಿ ಎಂದು ಗಂಡ ಕೇಳಿದರು. ನಾವು ಬೇಡ ಎಂದೆವು. ಅವಳು ಇದ್ದಲ್ಲೇ ಇರಲಿ, ನೀವೇ ಬಂದು ವಿಜಯನಗರದ ಮನೆಯಲ್ಲಿ ಮಲಗಿ ಎಂದೆವು. ಅವರು ರಜೆ ಹಾಕಿದ್ದಾರೆ. ಈ ಭಾನುವಾರದಿಂದ ಯಜಮಾನರ ಬೆಳಗಿನ ನಡಿಗೆಗೆ ಅವರೂ ಸೇರಿಕೊಳ್ಳುತ್ತಾರೆ.